ಹಫೀಜಮ್ಮ ಬರೆಸಿದ ಏಳನೇ ಕಾಲಂ

"ಅಮ್ಮಾ, ಹಫೀಜಾ ಆಂಟಿ ಏನ್ ತಪ್ಪು ಮಾಡಿದ್ರು? ಅವರನ್ನ ಯಾಕೆ ಒಳಗೆ ಬಿಡ್ತಿಲ್ಲ?"

ಶಾಲೆಯ ವ್ಯಾನಿನಿಂದ ಇಳಿದು ಮೆಟ್ಟಿಲು ಹತ್ತಿ ಬಂದ ಸಿರಿ, ಬೆನ್ನಿನ ಚೀಲ ಇಳಿಸುವ ಮೊದಲೇ ಕೇಳಿದಳು. ಆರು ವರ್ಷದ ಹುಡುಗಿ. ದಿನಾ ಸಂಜೆ ನಾಲ್ಕಕ್ಕೆ ವ್ಯಾನು ಅವಳನ್ನು ಅಮ್ಮನ ಆಫೀಸಿನ ಮುಂದೆ ಇಳಿಸಿ ಹೋಗುತ್ತದೆ. ಐದೂವರೆಯವರೆಗೆ ಶ್ವೇತಳ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು, ಹಾಳಾದ ಪ್ರಿಂಟುಗಳ ಹಿಂಬದಿಯಲ್ಲಿ ಬಣ್ಣ ತುಂಬುತ್ತಾ ಕೂರುತ್ತಾಳೆ.

ಶ್ವೇತ ಎದ್ದು ಕಿಟಕಿಯಿಂದ ಬಗ್ಗಿ ನೋಡಿದಳು. ಗೇಟಿನಾಚೆ ಹೊಂಗೆ ಮರದ ಕೆಳಗಿನ ಚಪ್ಪಡಿ ಕಲ್ಲಿನ ಮೇಲೆ ಹಫೀಜಮ್ಮ ಕೂತಿದ್ದರು. ಪಕ್ಕದಲ್ಲಿ ಅವರ ಹಳೇ ಸ್ಕೂಟರು. ಕಪ್ಪು ಬುರ್ಖಾದ ಎರಡೂ ಬದಿಗೆ ಅವರೇ ಹೊಲಿದುಕೊಂಡ ದೊಡ್ಡ ಜೇಬುಗಳು ಇವತ್ತು ಜೋತುಬಿದ್ದಿದ್ದವು. ಅಂದರೆ ಖಾಲಿ. ಕೆಲಸಕ್ಕೆ ಬಂದಿದ್ದರೆ ಒಂದರಲ್ಲಿ ತಂತಿ ಸುಲಿಯುವ ಇಕ್ಕಳ, ಇನ್ನೊಂದರಲ್ಲಿ ಸ್ಪಿರಿಟ್ಟಿನ ಸೀಸೆ ಇರುತ್ತಿದ್ದವು.

"ಅವರೇನೂ ತಪ್ಪು ಮಾಡಿಲ್ಲ ಪುಟ್ಟಾ."

"ಮತ್ತೆ?"

ಆ 'ಮತ್ತೆ'ಗೆ ಉತ್ತರ ಶ್ವೇತಳಿಗೆ ಗೊತ್ತಿತ್ತು. ಆರು ವರ್ಷದವಳಿಗೆ ಹೇಳುವಂಥದ್ದಾಗಿರಲಿಲ್ಲ, ಅಷ್ಟೇ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮಗಳ ಮುಂದಿಟ್ಟಳು. ಫೋನೆತ್ತಿ ಕೆಳಗೆ ಗೇಟು ಕಾಯುತ್ತಿದ್ದ ಬಾಲರಾಜುವನ್ನು ಕೇಳಿದಳು.

"ನಾನೇನ್ ಮಾಡ್ಲಿ ಮೇಡಂ," ಎಂದ ಅವನು. "ಕಾರ್ಡ್ ಇಲ್ದೋರ್ನ ಬುಡಬ್ಯಾಡ ಅಂತ ಸಾಹೇಬ್ರು ಹೇಳವ್ರೆ. ಆಯಮ್ಮನೂ ಒಳಕ್ ಬತ್ತೀನಿ ಅಂತ ಕೇಳ್ನಿಲ್ಲ. ನಿಮ್ಗೆ ಕೆಲ್ಸ ಮುಗಿಯಗಂಟ ಕಾಯ್ತೀನಿ ಅಂದ್ರು. ನೀರ್ ಕೊಟ್ಟಿವ್ನಿ."

ಹಿಂದೆ ಇದೇ ಕಟ್ಟಡದಲ್ಲಿ ಹಫೀಜಮ್ಮನಿಗೆ ತೆರೆಯದ ಬಾಗಿಲು ಇರಲಿಲ್ಲ.

*

ಹಫೀಜಮ್ಮನಿಗೆ ಈಗ ನಲವತ್ತೆಂಟು ವರ್ಷ. ಹುಟ್ಟಿದ್ದು ರಾಮನಗರದ ಒಂದು ರೀಲರ್ ಮನೆಯಲ್ಲಿ. ಅಪ್ಪನದು ನಾಲ್ಕು ಬೇಸಿನ್ನಿನ, ನೂಲು ಬಿಚ್ಚುವ ಸಣ್ಣ ಘಟಕ. ಬಿಸಿನೀರಿನಲ್ಲಿ ಕುಣಿಯುವ ರೇಷ್ಮೆಗೂಡುಗಳ ನಡುವೆ ಎಳೆಯ ತುದಿ ಹುಡುಕಿ, ಎಂಟೊಂಬತ್ತು ಎಳೆಗಳನ್ನು ಕೂಡಿಸಿ ರಾಟೆಗೆ ಕೊಡುವ ಕೆಲಸ ಅವರ ಅಮ್ಮನದು, ಅಕ್ಕಂದಿರದು, ಆಮೇಲೆ ಅವರದು. ಆ ನೀರಿನಿಂದಾಗಿ ಬೆರಳ ತುದಿಯ ಗೆರೆಗಳು ಸವೆದುಹೋಗಿ ಇವತ್ತಿಗೂ ರೇಷನ್ ಅಂಗಡಿಯ ಮೆಷಿನ್ನು ಅವರ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪುವುದಿಲ್ಲ. "ಗವರ್ಮೆಂಟಿನ ಪ್ರಕಾರ ನಾನು ತಿಂಗಳಿಗೊಂದ್ಸಲ ಇರಲ್ಲ ಮೇಡಂ," ಎಂದು ನಗುತ್ತಿದ್ದರು.

ಮದುವೆಯಾಗಿದ್ದು ಕೇಬಲ್ ಟಿವಿಯ ಮಕ್ಬೂಲ್ ಸಾಬರನ್ನು. ಮನೆಮನೆಗೆ ಕಂಬ ಹತ್ತಿ ತಂತಿ ಎಳೆಯುತ್ತಿದ್ದ ಮನುಷ್ಯ ಒಂದು ಮಳೆಗಾಲದಲ್ಲಿ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡರು. ಏಣಿ ಹಿಡಿಯಲು ಜೊತೆಗೆ ಹೋಗುತ್ತಿದ್ದ ಹೆಂಡತಿ, ಆರು ತಿಂಗಳ ಮೇಲೆ ತಾವೇ ಏಣಿ ಹತ್ತತೊಡಗಿದರು. ಜನ ಮೊದಮೊದಲು ನಿಂತು ನೋಡಿದರು. ಟಿವಿ ಬರತೊಡಗಿದ ಮೇಲೆ ನೋಡುವುದು ಬಿಟ್ಟರು.

ಆಮೇಲೆ ತಾಮ್ರದ ತಂತಿ ಹೋಗಿ ಗಾಜಿನೆಳೆಯ ಫೈಬರ್ ಬಂತು. ತುಂಡಾದ ಫೈಬರನ್ನು ಗಂಟು ಹಾಕಿ ಕೂಡಿಸಲಾಗದು. ಮೇಲಿನ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನೂ ಪುಟ್ಟ ಪೆಟ್ಟಿಗೆಯಂಥ ಮೆಷಿನ್ನಿನಲ್ಲಿ ಎದುರುಬದುರು ಇಡಬೇಕು. ಒಳಗೊಂದು ಕಿಡಿ ಹಾರಿ ಗಾಜು ಕರಗಿ ಕೂಡಿಕೊಳ್ಳುತ್ತದೆ. ಆ ಕೆಲಸದಲ್ಲಿ ಗಂಡಸರೆಲ್ಲ ಕನ್ನಡಕ ಏರಿಸಿ ಇಳಿಸಿ ಬೆವರುತ್ತಿದ್ದಾಗ ಹಫೀಜಮ್ಮ ಮೊದಲ ದಿನವೇ ನಾಲ್ಕು ಜಾಯಿಂಟು ಹಾಕಿದರಂತೆ.

"ಗೂಡಿನ ಎಳೆ ಇದಕ್ಕಿಂತ ಎಷ್ಟೋ ಸಣ್ಣ ಐತೆ," ಎಂದು ಒಮ್ಮೆ ಶ್ವೇತಳಿಗೆ ತೋರಿಸಿದ್ದರು. "ಇದು ನಮ್ ಕೈಗೆ ಹಗ್ಗ."

ಊರಾಚೆಯ ದೊಡ್ಡಿಗಳೆಂಬ ಸಣ್ಣ ಹಳ್ಳಿಗಳಲ್ಲಿ ಅವರಿಗೆ ನೂರ ನಲವತ್ತು ಇಂಟರ್ನೆಟ್ ಮನೆಗಳಿದ್ದವು. ಒಂದಡಿ ಸ್ವಂತ ನೆಲವಿರಲಿಲ್ಲ. ಅವರ ತಂತಿಯೆಲ್ಲ ಇನ್ನೊಬ್ಬರ ಬದುವಿನ ಮೇಲೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ಬರೀ ಬಾಯಿಮಾತಿನ ಮೇಲೆ ಹೋಗುತ್ತಿತ್ತು. ಯಾರಾದರೂ ಒಬ್ಬರು 'ತೆಗಿ' ಎಂದರೆ ಅದರಾಚೆಯ ಮನೆಗಳಷ್ಟೂ ಕತ್ತಲೆ.

*

ಶ್ವೇತಳ ಆಫೀಸು ರಾಮನಗರದ ಕನಕಪುರ ರಸ್ತೆಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆ ಇದೆ. ಬೇರೆಬೇರೆ ಊರಿನ ಆಸ್ಪತ್ರೆಗಳಿಂದ ಸ್ಕ್ಯಾನಿಂಗ್ ಚಿತ್ರಗಳು ಇಲ್ಲಿಗೆ ಬರುತ್ತವೆ. ಡಾಕ್ಟರುಗಳು ಎಲ್ಲೋ ಕೂತು ಹೇಳುವ ವರದಿಯನ್ನು ಇಲ್ಲಿನ ಮೂವತ್ತಾರು ಹೆಣ್ಣುಮಕ್ಕಳು ಟೈಪು ಮಾಡಿ ಕಳಿಸುತ್ತಾರೆ. ಶ್ವೇತ ಅಲ್ಲಿ ಆಡಳಿತದ ಕೆಲಸ ನೋಡಿಕೊಳ್ಳುವವಳು. ಮೇಲಿನವರು ಮನೋಹರ್.

ಆರು ವರ್ಷ ಆ ಆಫೀಸಿನ ಇಂಟರ್ನೆಟ್ ಹಫೀಜಮ್ಮನದೇ. ಒಳಗಿನ ವೈರುಗಳನ್ನು ಎಳೆದವರೂ ಅವರೇ. ಯಾವ ವೈರು ಯಾವ ಮೇಜಿಗೆ ಎಂದು ಗುರುತಿಸಲು ತುದಿಗಳಿಗೆ ಉಗುರುಬಣ್ಣ ಹಚ್ಚಿದ್ದರು. ಆದರೆ ಅದು ಹತ್ತಾರು ಮನೆಗಳೊಡನೆ ಹಂಚಿಕೊಂಡ ಸಂಪರ್ಕ. ಕ್ರಿಕೆಟ್ ಮ್ಯಾಚಿದ್ದ ಸಂಜೆ ಸ್ಕ್ಯಾನ್ ಚಿತ್ರ ಅರ್ಧಕ್ಕೆ ನಿಂತು, ತಲೆಬುರುಡೆ ಬಂದು ಗಲ್ಲ ಬರುವುದಕ್ಕೆ ಕಾಯಬೇಕಾಗುತ್ತಿತ್ತು.

ಒಂದು ದೊಡ್ಡ ಆಸ್ಪತ್ರೆಯ ಕೆಲಸ ಬರುವಂತಾಯಿತು. ಅವರದು ಒಂದೇ ಷರತ್ತು: ಬೇರೆ ಯಾರಿಗೂ ಪಾಲಿಲ್ಲದ, ಈ ಆಫೀಸಿಗೆಂದೇ ಮೀಸಲಾದ ಲೈನು ಇರಬೇಕು, ಕೆಟ್ಟರೆ ನಾಲ್ಕು ಗಂಟೆಯೊಳಗೆ ಸರಿಹೋಗಬೇಕು. ಅಂಥ ಲೈನು ಕೊಡುವ ಬೆಂಗಳೂರಿನ ಕಂಪನಿಯವರು ಬಂದು ನೋಡಿದರು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ರಸ್ತೆ ಬದಿಯಲ್ಲಿ ಹಾಕಿದರೆ ವಾರಕ್ಕೊಮ್ಮೆ ಜೆಸಿಬಿ ಕಿತ್ತುಹಾಕುತ್ತದೆ, ಆಗುವುದಿಲ್ಲ ಎಂದು ಹೊರಟರು.

ಮನೋಹರ್ ಅವತ್ತು ಹಫೀಜಮ್ಮನನ್ನು ಕರೆಸಿದರು.

"ಹೈವೇ ಹತ್ರದ ಅವರ ಟವರಿನಿಂದ ಇಲ್ಲಿಗೆ ಬೇರೆ ದಾರಿ ಇದೆಯಾ ಹಫೀಜಮ್ಮ?"

"ದಾರಿ ಐತೆ ಸಾರ್. ಚಿಕ್ಕಬೋರನದೊಡ್ಡಿ ಮೇಲೆ, ಬದುಗುಂಟ. ಹನ್ನೊಂದು ಮನೆಯವರ ಜಮೀನು. ಕೇಳ್ಬೇಕಷ್ಟೆ."

"ಕೇಳಿ ಕೊಡಿಸಿಬಿಡಿ. ಲೈನ್ ಬಂದಮೇಲೆ ಆ ದಾರಿ ನೋಡ್ಕೊಳ್ಳೋದು ನಿಮ್ಮದೇ. ಕಂಪನಿಯವರ ಎಗ್ರಿಮೆಂಟ್‌ನಲ್ಲೇ ನಿಮ್ಮ ಹೆಸರು ಸೇರಿಸ್ತೀನಿ. ಶ್ವೇತಾ, ನೆನಪಿಡ್ರೀ."

ಶ್ವೇತ ನೆನಪಿಟ್ಟಳು. ಈಗಲೂ ನೆನಪಿದೆ. ತಮ್ಮ ಗಿರಾಕಿಯನ್ನು ತಾವೇ ಇನ್ನೊಬ್ಬರಿಗೆ ದಾಟಿಸಿಕೊಡುವ ಕೆಲಸಕ್ಕೆ ಹಫೀಜಮ್ಮ ಒಪ್ಪಿದ್ದು ಆ ಮಾತಿನ ಮೇಲೆ.

*

ಹನ್ನೊಂದು ಮನೆ ಎಂದರೆ ಹನ್ನೊಂದೂ ರೇಷ್ಮೆ ಸಾಕುವ ಒಕ್ಕಲು ಮನೆಗಳು. ಅಲ್ಲಿ ನೆಲ ಕೇಳುವುದು ಕಷ್ಟವಲ್ಲ, ಕಾಲಿಡುವುದು ಕಷ್ಟ. ಹುಳ ಮೇಯುವಾಗ ಹೊರಗಿನವರು ಹುಳದ ಮನೆಯ ಕಡೆ ಸುಳಿಯುವಂತಿಲ್ಲ. ಬೀಡಿ, ಹೊಗೆಸೊಪ್ಪಿನ ವಾಸನೆ ಆಗದು. ಇನ್ನೊಂದು ಹುಳದ ಮನೆ ಹೊಕ್ಕು ಬಂದ ಕಾಲಂತೂ ಆಗಲೇ ಆಗದು. ರೋಗ ಆ ಕಾಲಿನಲ್ಲೇ ಬರುತ್ತದೆ. ಹುಳ ಪೊರೆ ಬಿಡುವ ಹೊತ್ತಿಗೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆ ಒಂದು ದಿನ ಮನೆಯವರೇ ಮೆಲ್ಲಗೆ ಮಾತಾಡುತ್ತಾರೆ.

ಹಫೀಜಮ್ಮ ಒಂದೊಂದು ಮನೆಗೂ ನಡೆದುಹೋಗಿ ಕೇಳಿದರು. ನಟ್ಟನಡುವಿನ ಜಮೀನು ಬೋರಲಿಂಗಯ್ಯನವರದು. ಆದರೆ ಅಲ್ಲಿ ಮಾತು ಅವರ ಹೆಂಡತಿ ಸರಸಮ್ಮನದು. ಆ ದಿನ ದಾರಿ ನೋಡಲೆಂದು ಶ್ವೇತಳೂ ಜೊತೆಗೆ ಹೋಗಿದ್ದಳು. ಬಾಗಿಲ ಬಳಿ ಇಟ್ಟಿದ್ದ ಬ್ಲೀಚಿಂಗ್ ಪುಡಿಯ ನೀರಿನ ತಟ್ಟೆಯಲ್ಲಿ ಹಫೀಜಮ್ಮ ಯಾರೂ ಹೇಳದೆ ಪಾದ ಅದ್ದಿದ್ದನ್ನು ನೋಡಿ ಅವಳೂ ಅದ್ದಿದಳು.

"ನಿನ್ನ ತಂತಿ ಹೋಗ್ಲಿ ಬುಡಮ್ಮಿ, ಅದೇನ್ ಮೇವು ತಿಂದದಾ," ಎಂದರು ಸರಸಮ್ಮ. "ಆದ್ರೆ ಕಿತ್ತೋದ್ರೆ ನೀನೇ ಬರ್ಬೇಕು. ಪ್ಯಾಂಟ್ ಹಾಕ್ಕೊಂಡೋರು ಬಂದು ತೋಟ ತುಳಿಯಂಗಿಲ್ಲ. ನಿಂಗೆ ನಮ್ ಹುಳದ ಲೆಕ್ಕ ಗೊತ್ತು."

"ನಾನೇ ಬತ್ತೀನಿ ಸರಸಕ್ಕ. ಜ್ವರದ ದಿನ ನಾನೂ ಬರಾಕಿಲ್ಲ."

"ಆಫೀಸಿನ ಅಮ್ಮ ಕೇಳಿಸ್ಕಂಡ್ರಾ?" ಎಂದು ಸರಸಮ್ಮ ಶ್ವೇತಳ ಕಡೆ ತಿರುಗಿದರು. ಶ್ವೇತ ತಲೆಯಾಡಿಸಿದಳು.

ಸರಸಮ್ಮ ಎಲೆ ಅಡಿಕೆ ತಂದು ಹಫೀಜಮ್ಮನ ಕೈಗಿಟ್ಟರು. ಆ ಕಡೆಯಲ್ಲಿ ಎಲೆ ಕೊಟ್ಟರೆ ಮಾತು ಕೊಟ್ಟಂತೆ, ಹಾಕಿಕೊಂಡರೆ ಒಪ್ಪಿಕೊಂಡಂತೆ. ಹಫೀಜಮ್ಮ ಅಲ್ಲೇ ನಿಂತು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ಹನ್ನೊಂದು ಮನೆಯಲ್ಲಿಯೂ ಹೀಗೇ ಆಯಿತು. ಆ ವಾರವಿಡೀ ಅವರ ನಾಲಿಗೆ ಸುಟ್ಟು ಸಾರಿನ ಉಪ್ಪು ಗೊತ್ತಾಗಲಿಲ್ಲವೆಂದು ಮಕ್ಬೂಲ್ ಸಾಬರು ದೂರಿದರಂತೆ.

*

ಇಷ್ಟೆಲ್ಲ ಆದ ಮೇಲೆ ಮನೋಹರ್ ಶ್ವೇತಳನ್ನು ಕರೆದು, "ಆಯಮ್ಮನ ತಲೇಲಿರೋದನ್ನೆಲ್ಲ ಕಾಗದಕ್ಕಿಳಿಸಿಬಿಡಿ. ಎಗ್ರಿಮೆಂಟ್ ಜೊತೆ ಲಗತ್ತಿಸಬೇಕು, ಅವರಿಗೇ ಒಳ್ಳೇದು," ಎಂದರು. ಶ್ವೇತ ಮೂರು ಮಧ್ಯಾಹ್ನ ಹಫೀಜಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದಳು. ಸಿರಿ ಹಫೀಜಮ್ಮನ ತೊಡೆಯ ಮೇಲೆ ಕೂತು, ಸುಲಿದ ಫೈಬರ್ ಸಿಪ್ಪೆಯ ನೀಲಿ ಕಿತ್ತಳೆ ಚೂರುಗಳನ್ನು ಕಾಗದಕ್ಕೆ ಅಂಟಿಸುತ್ತಿದ್ದಳು.

ಏಳು ಕಾಲಂಗಳಾದವು. ಬದು ಯಾರದು, ಎಷ್ಟು ಉದ್ದ, ಪೈಪು ಎಷ್ಟು ಆಳದಲ್ಲಿದೆ, ಜಾಯಿಂಟಿನ ಡಬ್ಬಿ ಎಲ್ಲಿದೆ. ಐದನೆಯದು, ಮೆಷಿನ್ನಿನ ಬ್ಯಾಟರಿ ಮುಗಿದರೆ ಕರೆಂಟು ಎಲ್ಲಿ ಸಿಗುತ್ತದೆ ಎಂಬುದು. ಆರನೆಯದು, ಆ ಮನೆಯಲ್ಲಿ ಯಾರ ಹೆಸರು ಹೇಳಬೇಕು.

"ಎಲ್ಲಾ ಕಡೆ ನನ್ ಹೆಸ್ರೇ ಬರ್ಕಳಿ," ಎಂದರು ಹಫೀಜಮ್ಮ. "ನಂಗೆ ಜ್ವರಗಿರ ಬಂದು ಆಫ್ತಾಬ್‌ನ ಕಳ್ಸಿದ್ರೂ ನನ್ ಹೆಸ್ರು ಹೇಳಿದ್ರೆ ಬುಡ್ತಾರೆ." ಆಫ್ತಾಬ್ ಎಂದರೆ ಅವರ ಮೈದುನ.

"ಇನ್ನೇನಾದ್ರೂ ಇದೆಯಾ?"

"ಮುಖ್ಯವಾದ್ದೇ ಬರ್ದಿಲ್ವಲ್ಲ ಮೇಡಂ." ಅವರು ಬೆರಳು ಮಡಿಚಿ ಮಡಿಚಿ ಒಂದೊಂದು ಮನೆಯದೂ ಹೇಳಿದರು. ಯಾರು ಯಾವ ವಾರ ಹುಳದ ಮರಿ ತರುತ್ತಾರೆ, ಯಾರ ಹುಳ ಯಾವಾಗ ಜ್ವರಕ್ಕೆ ಕೂರುತ್ತದೆ, ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಯಾವುದು, ಯಾವ ಮನೆಗೆ ಹೋಗಿ ಬಂದ ಮೇಲೆ ಯಾವ ಮನೆಗೆ ಹೋಗಬಾರದು. ಶ್ವೇತ ಏಳನೆಯ ಕಾಲಮ್ಮಿಗೆ 'ಹುಳದ ದಿನ' ಎಂದು ತಲೆಬರಹ ಕೊಟ್ಟಳು. ಬೇರೆ ಆರಕ್ಕಿಂತ ಅದೇ ಅಗಲವಾಯಿತು.

ಮನೋಹರ್ ಓದುತ್ತಾ ಹೋಗಿ ಅಲ್ಲಿಗೆ ಬಂದು ನಿಂತರು. "ಇದೇನ್ರೀ ಇದು?"

"ಯಾವಾಗ ಹೋಗಬಾರದು ಅನ್ನೋದು ಸಾರ್."

"ಶ್ವೇತಾ, ಇದು ಟೆಕ್ನಿಕಲ್ ರಿಪೋರ್ಟು. ನಾಲ್ಕು ಗಂಟೇಲಿ ರಿಪೇರಿ ಮಾಡ್ತೀವಿ ಅಂತ ಅವರು ಬರ್ಕೊಡಬೇಕು. ಹುಳ ಎದ್ದಿಲ್ಲ, ನಾಳೆ ಬನ್ನಿ ಅಂತ ಇದರಲ್ಲಿದ್ರೆ ಯಾರು ಸಹಿ ಹಾಕ್ತಾರೆ? ಮೂವತ್ತಾರು ಜನರ ಕೆಲಸ ಇದರ ಮೇಲಿದೆ. ಅದನ್ನ ತೆಗೀರಿ. ಹೇಗೂ ಹೋಗೋರು ಹಫೀಜಮ್ಮನೇ ತಾನೆ, ಅವರಿಗೆ ಗೊತ್ತಿರುತ್ತೆ."

ಅದು ಸರಿಯಾದ ಮಾತಿನಂತೆಯೇ ಕೇಳಿಸಿತು. ಶ್ವೇತ ಕಾಲಂ ಅಳಿಸಿದಳು. ಉಳಿದ ಆರು ಕಾಲಂಗಳು ಪುಟದ ತುಂಬ ಹರಡಿಕೊಂಡು ಅಚ್ಚುಕಟ್ಟಾಗಿ ಕಂಡವು. ಪ್ರಿಂಟ್ ಕೊಟ್ಟಳು. ಎರಡು ದಿನ ಬಿಟ್ಟು ಕಂಪನಿಯಿಂದ ಬಂದ ಎಗ್ರಿಮೆಂಟಿನಲ್ಲಿ ಹಫೀಜಮ್ಮನ ಹೆಸರಿಗಾಗಿ ಹುಡುಕಿದಳು. ಹದಿನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, "ಅವರ ಲೈನಿಗೆ ಹೊರಗಿನವರು ಕೈ ಹಾಕೋ ಹಾಗಿಲ್ವಂತೆ. ನಾನೇನ್ ಮಾಡ್ಲಿ? ಆಯಮ್ಮನಿಗೆ ಈಗಲೇ ಹೇಳೋಕೆ ಹೋಗಬೇಡಿ, ಜಾಯಿಂಟೆಲ್ಲ ಮುಗೀಲಿ," ಎಂದರು ಮನೋಹರ್.

ತನ್ನನ್ನು ಮುಂದಿಟ್ಟು ಆ ಮೂರು ಮಧ್ಯಾಹ್ನ ಏನು ಮಾಡಿಸಿಕೊಂಡರು ಎಂಬುದು ಶ್ವೇತಳಿಗೆ ಆಗ ಹೊಳೆಯಿತು. ಹೊಳೆದ ಮೇಲೂ ಅವಳು ಹೇಳಲಿಲ್ಲ. ಸಿರಿಯ ಶಾಲೆ, ಮನೆಗೆ ಹತ್ತಿರದ ಈ ಕೆಲಸ, ಮಗುವನ್ನು ಮೇಜಿನ ಪಕ್ಕ ಕೂರಿಸಿಕೊಳ್ಳಲು ಮನೋಹರ್ ಕೊಟ್ಟಿದ್ದ ಒಪ್ಪಿಗೆ. ನಾಳೆ ಹೇಳಿದರಾಯಿತು ಎಂದುಕೊಂಡಳು.

*

ನಾಲ್ಕೂವರೆ ಕಿಲೋಮೀಟರು ಫೈಬರ್ ಹಫೀಜಮ್ಮನ ಕಣ್ಗಾವಲಿನಲ್ಲೇ ಇಳಿಯಿತು. ಜಾಯಿಂಟುಗಳನ್ನೂ ಅವರೇ ಹಾಕಿದರು. ಬೆಂಗಳೂರಿನ ಎಂಜಿನಿಯರು ಅಳತೆ ನೋಡಿ, "ನಮ್ಮವರು ಹಾಕಿದ್ರೂ ಇಷ್ಟು ಕ್ಲೀನ್ ಬರಲ್ಲ," ಎಂದ.

ಹೊಸ ರೂಟರು ಬಂದು ಕಪಾಟಿನಲ್ಲಿ ಕೂತಿತು. ಮನೋಹರ್ ಪೂಜೆ ಮಾಡಿಸಿದರು. ಕರ್ಪೂರಕ್ಕೆ ಹೊಗೆಯ ಅಲಾರಾಂ ಕೂಗಿ ಹುಡುಗಿಯರೆಲ್ಲ ಹೊರಗೋಡಿ ಮತ್ತೆ ಒಳಬಂದರು. ಅರಿಶಿನ ಕುಂಕುಮ ಹಚ್ಚುವಾಗ ಹಫೀಜಮ್ಮ, "ಸಾರ್, ಪೆಟ್ಟಿಗೆ ಮೇಲೆ ಎಷ್ಟಾದ್ರೂ ಹಚ್ಚಿ, ಫೈಬರಿನ ಬಾಯಿಗೆ ಮಾತ್ರ ಬ್ಯಾಡಿ. ಅದು ಧೂಳು ತಡೆಯಾಕಿಲ್ಲ," ಎಂದಾಗ ಎಲ್ಲರೂ ನಕ್ಕರು. ಫೋಟೋ ತೆಗೆಯುವಾಗ ಮನೋಹರ್ ಕೈ ಅಲ್ಲಾಡಿಸಿ, "ಹಫೀಜಮ್ಮ, ಒಂಚೂರು ಪಕ್ಕಕ್ಕೆ. ನಿಮ್ಮ ಏಣಿ ಅಡ್ಡ ಬರ್ತಾ ಇದೆ," ಎಂದರು. ಅವರು ಏಣಿಯನ್ನೂ ತೆಗೆದುಕೊಂಡು ಹೊರಗೆ ಹೋದರು.

ಒಂದು ತಿಂಗಳು ಕಾದು ಹಫೀಜಮ್ಮ ಎಗ್ರಿಮೆಂಟಿನ ವಿಚಾರ ಕೇಳಲು ಬಂದರು. ಅಷ್ಟರಲ್ಲಿ ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲು ಬಂದಿತ್ತು. ಮನೋಹರ್ ಗೇಟಿನ ತನಕ ಇಳಿದು ಬಂದು, "ಕಂಪನಿ ಒಪ್ಪಲಿಲ್ಲ," ಎಂದು ಎರಡೇ ಮಾತು ಹೇಳಿ ಫೋನು ಕಿವಿಗಿಟ್ಟುಕೊಂಡು ಹೋದರು. ಹಫೀಜಮ್ಮ ಕೂಗಾಡಲಿಲ್ಲ. ಕಿಟಕಿಯಲ್ಲಿದ್ದ ಶ್ವೇತಳ ಕಡೆ ಒಮ್ಮೆ ನೋಡಿ ಸ್ಕೂಟರು ತಿರುಗಿಸಿದರು. ಆ ರಾತ್ರಿ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು.

"ನಾನು ಬರೆಸಿದ್ದು ಕಂಪನಿಯೋರ ಹತ್ರ ಐತಾ ಮೇಡಂ?"

"ಇದೆ," ಎಂದಳು ಶ್ವೇತ.

"ಹಂಗಾರೆ ಪರ್ವಾಗಿಲ್ಲ. ಯಾರಾದ್ರೂ ನೋಡ್ಕಳ್ಳಿ, ಹುಳದ ದಿನ ತಪ್ಪಿಸ್ದಿದ್ರೆ ಸಾಕು."

ಆಗಲಾದರೂ ಹೇಳಬಹುದಿತ್ತು. ಶ್ವೇತ, "ಸಿರಿ ನಿಮ್ಮನ್ನ ಕೇಳ್ತಿರ್ತಾಳೆ," ಎಂದಳು.

*

ಲೈನು ಬಂದ ನಾಲ್ಕನೇ ತಿಂಗಳು, ಕಳೆದ ವಾರ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ನಿಂತಿತು. ಕಂಪನಿಯ ಇಬ್ಬರು ಕೆಲಸದವರು ಮೋಟರ್ ಬೈಕಿನಲ್ಲಿ ಬಂದರು. ಮೊದಲು ಒಂಬತ್ತನೇ ಮನೆಯ ಬದುವಿನ ಡಬ್ಬಿ ಬಿಚ್ಚಿ ನೋಡಿದರು. ಆ ಮನೆಯಲ್ಲಿ ಹಾಲುತೊಂಡೆ ಎಂಬ ಅಂಟುರೋಗ ಬಂದು ಹುಳವನ್ನೆಲ್ಲ ಗುಂಡಿಗೆ ಸುರಿದು ಎರಡು ದಿನವಾಗಿತ್ತು. ಅಲ್ಲಿ ತೊಂದರೆ ಇರಲಿಲ್ಲ. ಮುಂದೆ ಸರಸಮ್ಮನ ಬದುವಿನಲ್ಲಿ ಹೆಗ್ಗಣ ಪೈಪು ಕಡಿದು ಎಳೆ ತುಂಡಾಗಿತ್ತು. ಜಾಯಿಂಟು ಹಾಕುವಾಗ ಮೆಷಿನ್ನಿನ ಬ್ಯಾಟರಿ ಮುಗಿಯಿತು. ಕಾಗದದ ಐದನೇ ಕಾಲಂ ನೋಡಿದರು: ಸರಸಮ್ಮನವರ ಹುಳದ ಮನೆಯ ಜಗಲಿ. ಆರನೇ ಕಾಲಂ ನೋಡಿದರು: ಹಫೀಜಾ.

ಸರಸಮ್ಮ ಸೊಪ್ಪು ಕೊಯ್ಯಲು ಹೋಗಿದ್ದರು. ಸೊಸೆ ಪದ್ಮಶ್ರೀ ಒಬ್ಬಳೇ ಇದ್ದಳು. "ಯಾರು ನೀವು," ಎಂದು ಅಡ್ಡ ನಿಂತವಳಿಗೆ, "ಹಫೀಜಮ್ಮ ಕಳ್ಸಿದ್ದಾರೆ," ಎಂದರು. ಅವಳು ಬಿಟ್ಟಳು. ಇಬ್ಬರೂ ಬ್ಲೀಚಿಂಗ್ ನೀರಿನ ತಟ್ಟೆಗೆ ಕಾಲು ಅದ್ದದೆ ದಾಟಿಕೊಂಡು ಜಗಲಿ ಹತ್ತಿದರು. ಅಲ್ಲಿನ ಪ್ಲಗ್ಗಿನಲ್ಲಿ ಕರೆಂಟು ಬರದಿದ್ದಾಗ ಒಬ್ಬ ಒಳಗಿನ ಪ್ಲಗ್ಗಿಗೆ ವೈರು ಚುಚ್ಚಿ ಬಂದ. ಹುಳ ಅವತ್ತು ನಾಲ್ಕನೇ ಜ್ವರಕ್ಕೆ ಕೂತಿತ್ತು.

ನಿಂತ ಮೂರು ಗಂಟೆ ಹತ್ತು ನಿಮಿಷದಲ್ಲಿ ಲೈನು ಸರಿಯಾಯಿತು. ನಾಲ್ಕು ಗಂಟೆಯೊಳಗೇ ಆಯಿತೆಂದು ಮನೋಹರ್ ಆಸ್ಪತ್ರೆಗೆ ಮೇಲ್ ಕಳಿಸಿದರು. ಆರನೇ ದಿನಕ್ಕೆ ಸರಸಮ್ಮ ಹುಳ ಮೇಯಿಸುವ ತಟ್ಟೆಗಳಲ್ಲಿ ಹುಳದ ಮೈ ಊದಿ, ಮುಟ್ಟಿದರೆ ಹಾಲು ಒಸರತೊಡಗಿತು.

*

ಶ್ವೇತ ಸಿರಿಯ ಕೈ ಹಿಡಿದು ಕೆಳಗಿಳಿದಳು. ಹಫೀಜಮ್ಮ ಎದ್ದು ನಿಂತು ಸಿರಿಯ ಕೆನ್ನೆ ಸವರಿದರು. "ಬಾಲರಾಜು ಅಂಕಲ್ ಹತ್ರ ಅಳಿಲು ಐತಂತೆ ಹೋಗಿ ನೋಡು ಕಂದಾ," ಎಂದು ಕಳಿಸಿದರು. ಹೊಂಗೆ ಮರದ ಮೇಲೆ ಅಳಿಲು ಇದ್ದೇ ಇರುತ್ತದೆ. ಮಗು ಹೋಯಿತು.

"ನಿನ್ನೆ ಸರಸಕ್ಕನ ಮನೆಗೆ ಹೋಗಿದ್ದೆ," ಎಂದರು ಹಫೀಜಮ್ಮ, ಮತ್ತೆ ಕೂರುತ್ತಾ. "ಹುಳ ಎಲ್ಲ ಸುಣ್ಣ ಹಾಕಿ ಹೂತವ್ರೆ. ನಾನು ಅಂಗಳಕ್ಕೆ ಕಾಲಿಟ್ಟೇಟ್ಗೆ ಅಲ್ಲೇ ನಿಲ್ಲು ಅಂದ್ಬುಟ್ರು. ಬಯ್ದಿದ್ರೆ ಆಗ್ತಿತ್ತು ಮೇಡಂ. ಬಯ್ನಿಲ್ಲ. ನಿನ್ ಬಾಯಿಗೆ ಎಲೆ ಕೊಟ್ಟಿದ್ನಲ್ಲಮ್ಮಿ ಅಂದ್ರು, ಅಷ್ಟೇಯ."

ಶ್ವೇತ ಪಕ್ಕದಲ್ಲಿ ಕೂತಳು. ಕಲ್ಲು ಇನ್ನೂ ಬಿಸಿಯಾಗಿತ್ತು.

"ನಾನ್ ಕಳ್ಸಿಲ್ಲ ಅಂದೆ. ನಿನ್ ಹೆಸ್ರು ಅವ್ರಿಗೆ ಹೆಂಗ್ ಗೊತ್ತಾಯ್ತು ಅಂದ್ರು. ನಾನೇ ಬರೆಸ್ದೆ ಅಂತ ಹೆಂಗ್ ಹೇಳ್ಲಿ? ನಮ್ ಪ್ಲಗ್ ಎಲ್ಲೈತೆ ಅಂತ ಅವ್ರಿಗೆ ಹೆಂಗ್ ಗೊತ್ತಾಯ್ತು ಅಂದ್ರು. ಅದೂ ನಾನೇ." ಅವರು ಬೆರಳುಗಳನ್ನು ನೋಡಿಕೊಂಡರು. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಾಲ್ಕನೇ ಜ್ವರ ಆ ವಾರ್ದಾಗೇ ಬತ್ತೈತೆ ಅಂತ ನಾನು ಬರೆಸಿದ್ನಲ್ಲ. ಆ ಏಳನೇ ಕಾಲಂ ಅವ್ರು ಓದ್ನಿಲ್ವಾ?"

ಶ್ವೇತ ಗೇಟಿನ ಕಡೆ ನೋಡಿದಳು. ಬಾಲರಾಜು ಸಿರಿಯನ್ನು ಎತ್ತಿಕೊಂಡು ಕೊಂಬೆ ತೋರಿಸುತ್ತಿದ್ದ.

"ಅದು ಅವರಿಗೆ ಹೋಗಲೇ ಇಲ್ಲ ಹಫೀಜಮ್ಮ."

"ಅಂದ್ರೆ?"

"ಸಾರ್ ತೆಗಿ ಅಂದ್ರು. ನಾನು ತೆಗೆದೆ. ಎಗ್ರಿಮೆಂಟ್‌ನಲ್ಲಿ ನಿಮ್ಮ ಹೆಸರಿಲ್ಲ ಅನ್ನೋದೂ ನನಗೆ ಮೊದಲೇ ಗೊತ್ತಿತ್ತು. ಜಾಯಿಂಟ್ ಮುಗಿಯೋವರೆಗೂ ಹೇಳಬೇಡ ಅಂದಿದ್ರು. ಹೇಳಲಿಲ್ಲ."

ರಸ್ತೆಯಲ್ಲಿ ಹಾರೋಹಳ್ಳಿಯ ಬಸ್ಸೊಂದು ಹೋಯಿತು. ಅದರ ಹಿಂದೆ ಎದ್ದ ಧೂಳು ಕೂರುವ ತನಕ ಹಫೀಜಮ್ಮ ಆ ಕಡೆಯೇ ನೋಡಿದರು. ಶ್ವೇತ ಕ್ಷಮಿಸಿ ಎನ್ನಲು ಬಾಯಿ ತೆರೆದಳು.

"ಅದ್ ಬುಡಿ," ಎಂದರು ಹಫೀಜಮ್ಮ, ಮುಖ ತಿರುಗಿಸದೆ. "ಮಗೀನ್ ತೊಡೆ ಮೇಲೆ ಕೂರಿಸ್ಕಂಡು ಬರೆಸ್ದೆ ನಾನು. ಸಾಹೇಬ್ರು ಮಾಡಿದ್ರೆ ಸಾಹೇಬ್ರ ಬುದ್ಧಿ ಅನ್ಕಂಡಿದ್ದೆ. ನಿಮ್ಮುನ್ನ ಆ ಲೆಕ್ಕಕ್ಕೆ ಸೇರಿಸಿರ್ನಿಲ್ಲ."

ಶ್ವೇತಳಿಗೆ ಅಳು ಬಂತು, ಇಲ್ಲಿ ಅಳಬೇಕಾದವಳು ತಾನಲ್ಲ ಎನ್ನಿಸಿ ನುಂಗಿಕೊಂಡಳು.

"ಹಳೇದು ಐತಾ?" ಎಂದು ಕೇಳಿದರು ಹಫೀಜಮ್ಮ. "ಏಳು ಕಾಲಂದು?"

"ಇದೆ. ಕಂಪ್ಯೂಟರ್‌ನಲ್ಲೂ ಇದೆ. ಕೈಬರಹದ್ದು ಮನೇಲಿದೆ. ಸಿರಿ ಸಿಪ್ಪೆ ಅಂಟಿಸಿದ್ದಳಲ್ಲ, ಅದರ ಹಿಂದೆಯೇ ಬರ್ಕೊಂಡಿದ್ದೆ."

ಹಫೀಜಮ್ಮ ಅವಳ ಕಡೆ ತಿರುಗಿದರು. ಕಣ್ಣುಗಳು ಒಣಗಿದ್ದವು. ದನಿ ಕೆಲಸ ಹೇಳುವಾಗಿನಂತೆ ನೇರವಾಗಿತ್ತು.

"ಭಾನುವಾರ ಹನ್ನೊಂದ್ ಮನೆಯೋರೂ ಸರಸಕ್ಕನ ಹಟ್ಟಿ ಮುಂದೆ ಸೇರ್ತಾವ್ರೆ. ನನ್ ತಂತಿ ಇರ್ಲೋ ಬ್ಯಾಡ್ವೋ ಅಂತ. ಕಿತ್ತಾಕು ಅಂದ್ರೆ ಕಿತ್ತಾಕ್ತೀನಿ, ಅದು ಅವ್ರ ನೆಲ. ಆದ್ರೆ ಹಫೀಜಾ ಮಾತ್ ತಪ್ಪಿದ್ಳು ಅನ್ನಿಸ್ಕಂಡು ಕಿತ್ಕಳಾಕೆ ನನ್ ಕೈಲಾಗಲ್ಲ. ನಾನ್ ಹೇಳಿದ್ರೆ ನಂಬಾಕಿಲ್ಲ. ಅವತ್ತು ಕೇಳಿಸ್ಕಂಡ್ರಾ ಅಂತ ಸರಸಕ್ಕ ಕೇಳಿದ್ದು ನಿಮ್ಮುನ್ನ. ಆ ಕಾಗ್ದ ತಗಂಡು ನೀವು ಬರ್ಬೇಕು. ಹಫೀಜಾ ಹುಳದ ದಿನ ಹೇಳಿದ್ಳು, ನಾನು ಬರ್ಕಂಡೆ, ಆಮೇಲೆ ನಾನೇ ತೆಗ್ದೆ ಅಂತ ಅಷ್ಟೂ ಜನದ ಮುಂದೆ ನಿಮ್ ಬಾಯಲ್ಲೇ ಹೇಳ್ಬೇಕು. ಸಾಹೇಬ್ರ ಹೆಸ್ರು ಹೇಳೋದು ಬುಡೋದು ನಿಮ್ಗೆ ಬಿಟ್ಟಿದ್ದು, ನಿಮ್ ಕೆಲ್ಸ ಐತೆ, ಮಗು ಐತೆ. ಒಂಬತ್ ಗಂಟೆಗೆ ಬಸ್ ಸ್ಟಾಂಡ್ ಹತ್ರ ಸ್ಕೂಟರ್ ತತ್ತೀನಿ. ಬತ್ತೀರಾ?"